ಗಂಡಸರ ಬಾಗಿಲು ಯಾವುದು

ಇದನ್ನು ಹೇಳುವಷ್ಟು ತಿಳಿದವಳು ನಾನಲ್ಲ, ಮೊದಲೇ ಕ್ಷಮಿಸಿಬಿಡಿ. ಕೆಲವು ಚಳಿಗಾಲ ಸಂಜೆ ಶಾಲೆಗೆ ಹೋಗಿ ಚರಿತ್ರೆ ಓದಿದ್ದೇ ನನ್ನ ಬಂಡವಾಳ. ಹ್ಯಾರೋ ಬೆಟ್ಟದ ಶೇಕರರ ಹಳೆಯ ಮನೆಗಳ ಬೀಗದ ಕೈ ನನ್ನ ಹತ್ತಿರ ಇದೆ ಎಂಬುದಕ್ಕೇ ಜನ ನನ್ನನ್ನು ಬಲ್ಲವಳು ಅಂದುಕೊಂಡಿದ್ದಾರೆ.

ಮದುವೆ ಬಿಟ್ಟು, ಗಂಡಸರೂ ಹೆಂಗಸರೂ ಒಂದೇ ಸೂರಿನಡಿ ಬೇರೆ ಬೇರೆಯಾಗಿ ಅಣ್ಣತಂಗಿಯರಂತೆ ಬಾಳುತ್ತಿದ್ದ ಆ ಶೇಕರ್ ಪಂಥದವರೆಲ್ಲ ಹೋಗಿ ಬಹಳ ಕಾಲವಾಯಿತು. ಅವರ ಕಟ್ಟಡಗಳು ಮಾತ್ರ ಒಂದಿದ್ದದ್ದು ಇನ್ನೊಂದಾಗುತ್ತ ಉಳಿದಿವೆ. ಬಟ್ಟೆ ಒಗೆಯುವ ಮನೆ ಅಂಚೆ ಕಚೇರಿಯಾಗಿತ್ತು. ಈಗ ಅಲ್ಲಿ ನಾವು ಸೇಬಿನ ಪೈ ಮಾರುತ್ತೇವೆ. ಮಾರಲು ಬೀಜದ ಪೊಟ್ಟಣ ಕಟ್ಟುತ್ತಿದ್ದ ಮನೆಯ ಮೇಲಂತಸ್ತನ್ನು ಯಾರೋ ಮರಕ್ಕಾಗಿ ಬಿಚ್ಚಿಕೊಂಡು ಹೋದರು. ದೊಡ್ಡ ವಾಸದ ಮನೆ ಹುಡುಗರ ಶಾಲೆಯಾಯಿತು, ಆಮೇಲೆ ರಸ್ತೆ ಕೆಲಸದವರ ಬಿಡಾರ, ಈಗ ನೋಡಲು ಬರುವವರಿಗಾಗಿ ಮತ್ತೆ ಶೇಕರರ ಮನೆ. ಅದಕ್ಕೆ ಪಕ್ಕಪಕ್ಕದಲ್ಲೇ ಎರಡು ಬಾಗಿಲು, ಒಳಗೆ ಎರಡು ಮೆಟ್ಟಿಲಸಾಲು: ಒಂದು ಗಂಡಸರಿಗೆ, ಒಂದು ಹೆಂಗಸರಿಗೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಆಲ್ವೈರಾ ಥರ್ಲೋ ಎಂಬ ಮುದುಕಿ ಬಂದರು. ತಾಯಿ ತೀರಿಕೊಂಡ ಮೇಲೆ ಇವರನ್ನೂ ಇವರ ಅಣ್ಣ ಅಸಾಫ್‌ನನ್ನೂ ತಂದೆ ಇಲ್ಲಿಗೆ ತಂದು ಒಪ್ಪಿಸಿದ್ದನಂತೆ. ಅಣ್ಣ ಜ್ವರ ಬಂದು ಗಂಡಸರ ಕಡೆಯ ಮಹಡಿಯಲ್ಲಿ ಮಲಗಿದ.

“ನಮ್ಮಣ್ಣ ಹೇಗಿದಾನೆ ಅಂತ ಕೇಳ್ದೆ,” ಎಂದರು. “‘ಯಾವ ಅಣ್ಣ ಮಗೂ, ಇಲ್ಲಿರೋ ಗಂಡಸರೆಲ್ಲ ನಿನಗೆ ಅಣ್ಣಂದಿರೇ’ ಅಂದ್ರು ನಮ್ಮನ್ನ ನೋಡ್ಕೋತಿದ್ದ ಹಿರಿಯಕ್ಕ. ಕೆಟ್ಟೋರಲ್ಲ, ಅವರ ಮಾತೇ ಹಾಗೆ. ಬಾಗಿಲು ದಾಟೋಕೆ ಮಾತ್ರ ಬಿಡ್ಲಿಲ್ಲ. ಅವನು ಹೊರಗೆ ಬಂದಿದ್ದು ಹೆಣದ ಪೆಟ್ಟಿಗೇಲಿ. ಇವತ್ತು ನಾನು ಆ ಬಾಗಿಲಿಂದ ಒಳಗೆ ಹೋಗ್ಬೇಕು. ಯಾವುದಮ್ಮ ಅದು?”

“ನಿಮಗೇ ನೆನಪಿರಬೇಕಲ್ವಾ?”

“ಎದುರಿಗೆ ನಿಂತ್ರೆ ಎಡಗಡೆದು. ಆದ್ರೆ ನಮ್ಮ ಬೆನ್ನ ಹಿಂದೆ ಸೇಬಿನ ತೋಟ ಇರ್ತಿತ್ತು. ಈಗ ರಸ್ತೆ ಇದೆ. ತೋಟ ಮನೆ ಹಿಂದಕ್ಕೆ ಹೋಗಿ ಕೂತಿದೆ!”

ಇದಕ್ಕೆ ಎರಡು ಕಥೆಗಳಿವೆ. ಶಾಲೆಯವರು ಮನೆಯನ್ನೇ ದಿಮ್ಮಿಗಳ ಮೇಲೆ ಎತ್ತಿ, ಎತ್ತು ಕಟ್ಟಿ, ರಸ್ತೆಯ ಕಡೆ ತಿರುಗಿಸಿದರು ಎನ್ನುತ್ತಾರೆ ಕೆಲವರು. ಹಾಗಿದ್ದರೆ ಎಡಗಡೆಯದು ಎಡಗಡೆಯೇ ಇದೆ. ಮನೆ ಕದಲಲೇ ಇಲ್ಲ, ಚೌಕಟ್ಟಿನ ಸಮೇತ ಬಾಗಿಲುಗಳನ್ನು ಕಿತ್ತು ಹಿಂಗೋಡೆಗೆ ಕೂರಿಸಿದರು ಎನ್ನುತ್ತಾರೆ ಉಳಿದವರು. ಹಾಗಿದ್ದರೆ ಗಂಡಸರ ಪಾಲು ಈಗ ಬಲಕ್ಕೆ ಬಂದಿದೆ. ಎರಡನ್ನೂ ಹೇಳಿದೆ. ಸರಿಯಾಗಿ ಹೇಳಲಿಲ್ಲವೇನೋ ಎನಿಸಿ ಮತ್ತೊಮ್ಮೆ ಹೇಳಿದೆ.

ಬಡಗಿ ಆರಿನ್ ಪೀಸ್ಲಿ ಬಲಗಡೆಯ ಬಾಗಿಲ ಮುಂದೆ ಹಲಗೆ ಬಡಿಯುತ್ತಿದ್ದ. “ಮನೆ ತಿರುಗ್ತೋ ಬಿಡ್ತೋ, ಈ ವರ್ನಾ ಮಾತು ಕೇಳಿ ನನ್ನ ತಲೆಯಂತೂ ತಿರುಗ್ತಿದೆ,” ಎಂದ ನನ್ನ ಕಡೆ ಕೈ ತೋರಿಸಿ.

“ನಿಮ್ಮಜ್ಜ ಎತ್ತು ಕೊಟ್ಟಿದ್ರಂತಲ್ಲ?” ಎಂದೆ.

“ಊರಲ್ಲಿ ಯಾವ ಕೆಲಸ ಆದ್ರೂ ಎತ್ತು ನಂದೇ ಅಂತಿದ್ದ. ಅವನ ಮಾತು ನಂಬ್ಕೋಬೇಡಿ.”

“ಅಮ್ಮಾ, ಮೇಲಿನ ನಡುಗೋಡೆ ಶಾಲೆಯವರು ಕೆಡವಿದಾರೆ,” ಎಂದೆ ನಾನು. “ಯಾವ ಕಡೆಯಿಂದ ಹತ್ತಿದ್ರೂ ಒಂದೇ ಉದ್ದ ಕೋಣೆ.”

“ಮೇಲಿನ ಸುದ್ದಿ ನಿನ್ನ ಯಾರು ಕೇಳಿದ್ರು? ನನ್ನ ತಡೆದದ್ದು ಬಾಗಿಲಲ್ಲಿ.”

ಅವರು ಎಡಕ್ಕೆ ಹೆಜ್ಜೆ ಇಟ್ಟರು, ನಿಂತರು, ಬಲಕ್ಕೆ ಬಂದರು, ಮತ್ತೆ ನಿಂತರು. ಏನೋ ಒಂದು ಹೇಳಿಬಿಡಲೇ ಎನಿಸಿತು. ಸುಳ್ಳಾದರೆ ಎಂದು ಸುಮ್ಮನಾದೆ. ಆಮೇಲೆ ಅವರು ಆರಿನ್ ಕಡೆ ತಿರುಗಿದರು.

“ಏನಪ್ಪಾ, ಒಳಗೆ ನಡಿ.”

“ಯಾವುದ್ರಿಂದ?”

“ಅದನ್ನ ನನ್ನ ಕೇಳ್ಬೇಡ. ನೀನು ಗಂಡಸಲ್ವಾ? ಗಂಡಸು ಹೋದದ್ದೇ ಗಂಡಸರ ಬಾಗಿಲು.”

ಆರಿನ್ ನನ್ನ ಮುಖ ನೋಡಿದ, ಸುತ್ತಿಗೆ ಕೆಳಗಿಟ್ಟ, ಹತ್ತಿರವಿದ್ದ ಬಲಗಡೆಯ ಬಾಗಿಲಿಂದ ಒಳಗೆ ಹೋದ. ಅವನ ಹಿಂದೆ ಆಲ್ವೈರಾ ಚೌಕಟ್ಟು ಹಿಡಿದು ಹೊಸ್ತಿಲು ದಾಟಿದರು. ನಾನೂ ಹಿಂಬಾಲಿಸಿದೆ. ಅವರು ಗಕ್ಕನೆ ತಿರುಗಿದರು.

“ಎಲ್ಲಿಗೆ ಬರ್ತಿದೀಯಾ? ಹೆಂಗಸು ನೀನು! ನಿನ್ನ ಬಾಗಿಲು ಆ ಕಡೆ.”

ನಾನು ಎಡಗಡೆಯ ಬಾಗಿಲಿಂದ ಹೋಗಿ ಮೆಟ್ಟಿಲು ಹತ್ತಿದೆ. ಉದ್ದ ಕೋಣೆಯ ಆ ತುದಿಯಲ್ಲಿ ಅವರು ಏದುಸಿರು ಬಿಡುತ್ತ ಗೋಡೆಗೆ ಅಂಗೈ ಇಟ್ಟು ನಿಂತಿದ್ದರು. “ಅವನು ಮಲಗಿದ್ದು ಇಲ್ಲೇ ಇರ್ಬೇಕು,” ಎಂದು ಆರಿನ್‌ಗೆ ಹೇಳುತ್ತಿದ್ದರು. ನನ್ನನ್ನು ಕಂಡು ಗೊಂದಲಗೊಂಡರು.

“ಆ ಕಡೆನೂ ಹೀಗೇ ಇದ್ಯಾ?”

“ಹೀಗೇ ಇದೆ ಅಮ್ಮ.”

“ಹೇಳ್ಬಾರ್ದಿತ್ತು ನೀನು,” ಎಂದು ಬೆಂಚಿನ ಮೇಲೆ ಕೂತರು. ಆರಿನ್ ಹೊರಡಲು ನೋಡಿದರೆ ತೋಳು ಹಿಡಿದುಕೊಂಡರು. ಮಧ್ಯಾಹ್ನದವರೆಗೆ ಅವನು ಪಕ್ಕದಲ್ಲೇ ಕೂತಿದ್ದ.

ಆಮೇಲೆ ನಾನು ತೊಲೆಗಳನ್ನು ನೋಡಿದೆ, ತಳಪಾಯ ನೋಡಿದೆ, ತಿಳಿದವರನ್ನೂ ಕೇಳಿದೆ. ಮನೆ ತಿರುಗಿತೋ, ಬಾಗಿಲುಗಳೇ ಹಿಂದಕ್ಕೆ ಹೋದವೋ, ನನಗೆ ಗೊತ್ತಿಲ್ಲ. ಆ ದಿನ ಆಲ್ವೈರಾ ದಾಟಿದ್ದು ಅಣ್ಣನ ಬಾಗಿಲೋ, ಅಥವಾ ಚಿಕ್ಕಂದಿನಲ್ಲಿ ದಿನವೂ ತಾವೇ ಓಡಾಡಿದ ಹೆಂಗಸರ ಬಾಗಿಲೋ, ಅದೂ ಗೊತ್ತಿಲ್ಲ.