ಗೀಸರ್ ವೈರಿನ ಪಕ್ಕದಲ್ಲಿ ನಾಲ್ಕು ವರ್ಷ

"ಒಂಬತ್ತನೇ ಕ್ಲಾಸ್ ನಪಾಸಾದವ ನನಗ ಫಿಜಿಕ್ಸ್ ಕಲಸಾಕ ಬಂದಿಯೇನಲೇ?"

ನಾನು ಹುಟ್ಟಿದ ದಿನವೇ ಕೇಳಿದ ಮಾತು ಇದು. ಈಗ ಎಲೆಕ್ಟ್ರಿಶಿಯನ್ ಹುಲುಗಪ್ಪನ ಅಂಗಡಿಯ ಮೊಳೆಗೆ ಜೋತುಬಿದ್ದಿದ್ದರೂ ಮರೆತಿಲ್ಲ. ನಾನು ಒಂದು ಇಂಟರ್‌ನೆಟ್ ಕೇಬಲ್. ಕಾರ್ಖಾನೆಯ ಮುನ್ನೂರು ಮೀಟರ್ ಸುರುಳಿಯಲ್ಲಿ ಬರೀ ಒಂದೆರಡು ಸುತ್ತಾಗಿದ್ದೆ. ಗದಗಿನಲ್ಲಿ ಫಿಜಿಕ್ಸ್ ಕಲಿಸುವ ಗುರುಲಿಂಗಪ್ಪ ಮಾಸ್ತರರ ಹೊಸಮನೆಯಲ್ಲಿ ಹುಲುಗಪ್ಪ ನನ್ನನ್ನು ಕತ್ತರಿಸಿ, ಎಂಟು ಬಣ್ಣದ ಎಳೆ ಜೋಡಿಸಿ, ಎರಡೂ ತುದಿಗೆ ಪಿನ್ನು ಹಾಕಿದಾಗಲೇ ನಾನು ನಾನಾದದ್ದು.

ಗೃಹಪ್ರವೇಶದ ಮರುದಿನ. ಮನೆ ತುಂಬ ನೆಂಟರು. ಹೊಸ ಬಣ್ಣದ ಗೋಡೆಗೆ ಮೊಳೆ ಬೇಡ, ಗೀಸರ್ ವೈರಿನ ಪೈಪಿನೊಳಗೇ ತೂರಿಸು ಅಂದರು ಮಾಸ್ತರರು.

"ಸರ್, ಆ ವೈರ್ ಸಣ್ಣದೈತಿ, ಕಾಯ್ತೈತಿ. ಅದರ ಜೋಡಿ ಇದನ್ನ ಬಿಡಬಾರದ್ರಿ," ಅಂದ ಹುಲುಗಪ್ಪ. ಅದಕ್ಕೇ ಮಾಸ್ತರರ ಬಾಯಿಂದ ಆ ಮಾತು ಬಂತು. ನೆಂಟರು ನಕ್ಕರು. ಅವನ ಕಿವಿ ಕೆಂಪಾಯಿತು. ಹಲ್ಲು ಕಚ್ಚಿ ನನ್ನನ್ನು ಪೈಪಿಗೆ ತುರುಕಿದ.

ಒಳಗೆ ಕತ್ತಲು. ಬೆಳಿಗ್ಗೆ ಗೀಸರ್ ಹಾಕಿದರೆ ಪಕ್ಕದ ವೈರಿಗೆ ಜ್ವರ ಬರುತ್ತಿತ್ತು. ವರ್ಷ ಕಳೆದಂತೆ ಅದರ ಚರ್ಮ ನನ್ನ ಚರ್ಮಕ್ಕೆ ಅಂಟತೊಡಗಿತು.

ನಾಲ್ಕನೇ ವರ್ಷ ನೆಟ್ ಹೋಗಿ ಹೋಗಿ ಬರತೊಡಗಿತು. ಅದೂ ಯಾರಾದರೂ ಸ್ನಾನಕ್ಕೆ ಹೋದಾಗಲೇ! ಫಿಜಿಕ್ಸ್ ಕಲಿಸಿದವರಿಗೂ ಅದು ಹೊಳೆಯಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದರು. ರೂಟರ್ ಬದಲಿಸಿದರು. ಫೋನಿನಲ್ಲಿ ಕಂಪನಿಯವರನ್ನು ಬೈದರು. ಮಗಳು ಶಿವಲೀಲಾ ಆನ್‌ಲೈನ್ ಪಾಠ ನಿಂತಾಗಲೆಲ್ಲ ನನ್ನ ಪಿನ್ನು ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚುತ್ತಿದ್ದಳು. ಪಕ್ಕದ ವೈರಿನ ಕರೆಂಟು ಯಾವಾಗ ನನಗೆ ಹರಿದೀತೋ ಎಂದು ಆ ಬೆರಳು ಕಂಡರೆ ನಾನು ಹೆದರುತ್ತಿದ್ದೆ. ಜಗತ್ತಿನ ಮಾತೆಲ್ಲ ಹೊತ್ತವನಿಗೆ 'ಮುಟ್ಟಬ್ಯಾಡ ತಂಗಿ' ಅನ್ನಲು ಬಾಯಿರಲಿಲ್ಲ.

ಒಂದು ದಿನ ಕರೆಂಟು ಹೊಡೆದು ಅವಳ ಕೈ ಚುರ್ ಎಂದಿತು. ಚೀರಿದ್ದು ಓಣಿಗೆಲ್ಲ ಕೇಳಿತು. ಜನ ಕೂಡಿದರು. ಹುಲುಗಪ್ಪನನ್ನು ಕರೆಸಿದರು.

"ಮೊದಲ ಗೀಸರ್ ಆರಸ್ರಿ," ಅಂದ ಬಂದವನೇ. ರಬ್ಬರ್ ಗವಸು ಹಾಕಿ ನನ್ನನ್ನು ಬಿಡಿಸಿ, ಚೀಲದಿಂದ ಬೇರೆ ಕೇಬಲ್ ತೆಗೆದು ರೂಟರಿಗೂ ಕಂಪ್ಯೂಟರಿಗೂ ನೇರ ಜೋಡಿಸಿದ. ಹಸಿರು ದೀಪ ಹತ್ತಿತು.

"ಕಂಪ್ಯೂಟರ್ ಛಲೋ ಐತಿ. ರೂಟರೂ ಛಲೋ ಐತಿ."

ಮೇನ್ ಸ್ವಿಚ್ ಇಳಿಸಿ ನನ್ನನ್ನು ಪೈಪಿನಿಂದ ಎಳೆದ. ಸುಟ್ಟ ವಾಸನೆ ಮನೆಯೆಲ್ಲ ಹರಡಿತು. ನನ್ನ ನಡು ಕರಗಿ ಕಪ್ಪಾಗಿತ್ತು. ಗೀಸರ್ ವೈರಿನ ಚರ್ಮ ಗೇಣುದ್ದ ಅಂಟಿಕೊಂಡೇ ಬಂತು. ಅದನ್ನು ಎಲ್ಲರೆದುರು ಎತ್ತಿ ಹಿಡಿದ.

ಶಿವಲೀಲಾ ತನ್ನ ಬೆರಳು ನೋಡಿಕೊಂಡಳು. ಮಾಸ್ತರರ ಮುಖ ಬಿಳಿಚಿತು. ಅಷ್ಟು ಜನರ ಮುಂದೆ ಏನಾದರೂ ಅನ್ನಲೇಬೇಕಿತ್ತು.

"ಇದನ್ನ ಅವತ್ತ ಹೇಳಾಕ ಏನಾಗಿತ್ತಲೇ ನಿನಗ?"

ಹುಲುಗಪ್ಪ, ಮತ್ತೆ ಯಾರೂ ಹಚ್ಚದಂತೆ, ಗೀಸರಿನ ಫ್ಯೂಸ್ ಕಿತ್ತು ಜೇಬಿಗಿಳಿಸಿದ. ನನ್ನನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಚಪ್ಪಲಿ ಮೆಟ್ಟಿ ಗೇಟು ದಾಟಿದ.