ಅವ್ವನನ್ನು ಸೋಲಿಸಿದ ವಕೀಲ

ವಿಚ್ಛೇದನಕ್ಕೆ ಅರ್ಜಿ ಹಾಕುವುದೆಂದು ರೇಖಾ ತೀರ್ಮಾನಿಸಿದ ದಿನವೇ ಯಾವ ವಕೀಲರ ಹತ್ತಿರ ಹೋಗಬೇಕೆಂಬುದೂ ಅವಳಿಗೆ ಖಚಿತವಾಗಿತ್ತು. ಕೂಡ್ಲಿಗಿಯ ಗುರುಮೂರ್ತಿ. ಆ ಹೆಸರು ಕೇಳಿದ್ದೇ ತಾಯಿ ಕನಕಮ್ಮ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು.

"ಬ್ಯಾರೆ ವಕೀಲರೆಲ್ಲಾ ಸತ್ತು ಹೋಗ್ಯಾರೇನು?" ಎಂದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಗಾಳೆಪ್ಪ, ಹೆಂಡತಿ ತಾನಾಗಿಯೇ ಮನೆ ಬಿಟ್ಟು ಹೋದಳೆಂದು ಕೋರ್ಟು ಹತ್ತಿದಾಗ ಅವನ ಪರವಾಗಿ ನಿಂತವರು ಇದೇ ಗುರುಮೂರ್ತಿ. ಕನಕಮ್ಮ ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗಿದ್ದಳಷ್ಟೆ. ಅಲ್ಲಿ ಒಂದು ಗುಡಿಸಲಲ್ಲಿ ಎಷ್ಟು ಜನ ಮಲಗುತ್ತಿದ್ದಿರಿ, ನಿಮ್ಮ ಪಕ್ಕ ಯಾರಿದ್ದರು ಎಂದು ಅವರು ತುಂಬಿದ ಕೋರ್ಟಿನಲ್ಲಿ ಒಂದರ ಮೇಲೊಂದು ಕೇಳಿದರು. ಕನಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಪರ ವಕೀಲರು ಕುಳಿತಲ್ಲಿಂದ ಏಳಲಿಲ್ಲ. ಕೇಸು ಗಾಳೆಪ್ಪನ ಕಡೆಗಾಯಿತು. ಹತ್ತು ವರ್ಷದ ರೇಖಾ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಳು.

ಈಗ ರೇಖಾ ಸರ್ಕಾರಿ ಬಸ್ಸಿನ ಕಂಡಕ್ಟರ್. ಹನ್ನೊಂದು ವರ್ಷದಿಂದ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ತಿರುಗಿದವಳು. ವಾಯಿದೆಯ ದಿನ ಫೈಲು ಅವುಚಿಕೊಂಡು ಬಸ್ಸು ಹತ್ತುವವರ ಮಾತು ದಿನಾ ಅವಳ ಕಿವಿಗೆ ಬೀಳುತ್ತಿತ್ತು. ಯಾವ ವಕೀಲರು ವಾಯಿದೆಗೆ ತಪ್ಪಿಸಿಕೊಳ್ಳುತ್ತಾರೆ, ಯಾರು ಎದುರು ಪಾರ್ಟಿ ಜೊತೆ ಒಳಗೊಳಗೇ ಮಾತಾಡಿಕೊಳ್ಳುತ್ತಾರೆ, ಎಲ್ಲವೂ ಅವಳಿಗೆ ಬಾಯಿಪಾಠ. ಗುರುಮೂರ್ತಿ ತಮ್ಮ ಕಕ್ಷಿದಾರರನ್ನು ನಡುನೀರಿನಲ್ಲಿ ಬಿಟ್ಟರೆಂದು ಮಾತ್ರ ಒಬ್ಬರೂ ಹೇಳಿರಲಿಲ್ಲ. ಅವರನ್ನು ಬೈಯುತ್ತಿದ್ದವರೆಲ್ಲ ಅವರೆದುರು ಸೋತವರೇ.

ರೇಖಾಳ ಗಂಡ ಕ್ರಾಂತಿಕುಮಾರ್ ಹಡಗಲಿಯ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರು. ಕೆಲಸ ಬಿಡು ಎಂದು ಮದುವೆಯಾದ ಮರುವರ್ಷದಿಂದಲೇ ಹಟ ಹಿಡಿದಿದ್ದ. ಒಂದು ಭಾನುವಾರ ಮಧ್ಯಾಹ್ನ ಅವಳು ಡ್ಯೂಟಿ ಮುಗಿಸಿ ಬಂದಾಗ ಒಳಗಿನಿಂದ ಚಿಲಕ ಹಾಕಿತ್ತು. ಎಷ್ಟು ಬಡಿದರೂ ತೆಗೆಯಲಿಲ್ಲ. ಕಿಟಕಿಯಿಂದ ಮಗಳು ಅಳುವುದು ಕೇಳುತ್ತಿತ್ತು. ನೆರೆಯವರು ಸೇರಿ ಗದರಿಸಿದ ಮೇಲೆ ಮಗುವನ್ನಷ್ಟೇ ಹೊರಗೆ ಕಳಿಸಿದ. ರೇಖಾ ಅವಳ ಕೈಹಿಡಿದು ಕೊಟ್ಟೂರಿಗೆ, ತಾಯಿಯ ಮನೆಗೆ ಬಂದಳು. ಎರಡು ತಿಂಗಳ ನಂತರ, ಅವಳ ನಡತೆ ಸರಿಯಿಲ್ಲ, ಕೆಲಸದಿಂದ ತೆಗೆಯಿರಿ ಎಂದು ಡಿಪೋಗೆ ಒಂದು ಮೂಗರ್ಜಿ ಬಂತು. ಸಹಿ ಇರಲಿಲ್ಲ. ಮಾಹಿತಿ ಹಕ್ಕಿನಲ್ಲಿ ಅದರ ನಕಲು ತೆಗೆಸಿ ನೋಡಿದರೆ ಮುತ್ತು ಪೋಣಿಸಿದಂಥ ಅಕ್ಷರ. ಕ್ರಾಂತಿಕುಮಾರನ ಕೈಬರಹ ಅವಳಿಗೆ ಗೊತ್ತಿಲ್ಲದ್ದೇ?

ಆ ನಕಲನ್ನೂ ಮದುವೆಯ ನೋಂದಣಿ ಪತ್ರವನ್ನೂ ಹಿಡಿದು ಅವಳು ಗುರುಮೂರ್ತಿಯವರ ಕಚೇರಿಯ ಮೆಟ್ಟಿಲು ಹತ್ತಿದಳು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಅವೇ. ಅವರು ಕಾಗದಗಳನ್ನು ಎರಡೆರಡು ಸಲ ಓದಿದರು. ಆಮೇಲೆ ಪೀಠಿಕೆಯಿಲ್ಲದೆ, ಎದುರು ಪಾರ್ಟಿಯ ವಕೀಲರ ಹಾಗೆ ಕೇಳಿದರು: "ದಿನಾ ಬಸ್ಸಿನಾಗ ಗಂಡಸರ ನಡುವ ನುಗ್ಗಿ ಓಡಾಡಾಕಿ ನೀವು. ಗಂಡ ಅನುಮಾನ ಪಟ್ಟರ ತಪ್ಪೇನೈತಿ?"

ರೇಖಾ ತಡವರಿಸದೆ ಹೇಳಿದಳು: "ಬಸ್ಸಿನಾಗ ಅರವತ್ತು ಮಂದಿ ಇರ್ತಾರ, ಸರ್. ಅಷ್ಟೂ ಮಂದಿ ನನ್ನ ಸಾಕ್ಷಿ. ನನ್ನ ನಡತಿ ಸರಿಯಿಲ್ಲ ಅನ್ನಾಕ ನನ್ನ ಗಂಡ ಅವರಾಗ ಒಬ್ಬರನ್ನ ಕರಕೊಂಡು ಬರಲಿ, ನೋಡೋಣ."

ಗುರುಮೂರ್ತಿ ಮುಗುಳ್ನಕ್ಕರು. ಆಗ ಅವಳು ತಾನು ಯಾರ ಮಗಳೆಂದು ಹೇಳಿದಳು. ನಗು ನಿಂತಿತು. ಅವರಿಗೆ ನೆನಪಿತ್ತು. ಅದು ಗೊತ್ತಿದ್ದೂ ತಮ್ಮ ಹತ್ತಿರವೇ ಯಾಕೆ ಬಂದಿರಿ ಎಂದು ಕೇಳಿದರು.

"ನೀವು ಎದುರಿಗೆ ನಿಂತರ ಏನಾಗತೈತಿ ಅಂತ ನಾನು ನೋಡೀನ್ರಿ. ಈ ಸಲ ನನ್ನ ಬಾಜು ನಿಂದರ್ರಿ. ಆದರ ಒಂದು ಮಾತು. ನಮ್ಮತ್ತಿ ಸಾಕ್ಷಿ ಹೇಳಾಕ ಬರ್ತಾಳ. ಆಕಿ ಮಾನ ತೆಗೀಬಾರದು. ನಮ್ಮವ್ವಗ ಕೇಳಿದಂಗ ಆಕಿಗೆ ಕೇಳಬ್ಯಾಡ್ರಿ."

ಒಂದು ಕೈ ಕಟ್ಟಿಕೊಂಡು ಕುಸ್ತಿಗಿಳಿ ಎಂದರೆ ಹೇಗೆ ಎಂದು ಅವರು ಗೊಣಗಿದರು. ಒಪ್ಪಿದರೆ ಈಗಲೇ ಸಹಿ ಹಾಕುತ್ತೇನೆ ಎಂದು ರೇಖಾ ಕುಳಿತೇ ಇದ್ದಳು. ಸ್ವಲ್ಪ ಹೊತ್ತಿಗೆ ಅವರು ಮೇಜಿನ ಖಾನೆ ತೆಗೆದು ವಕಾಲತ್ತು ಹಾಳೆಯನ್ನು ಅವಳ ಮುಂದಿಟ್ಟರು.

ರಾಜಿ ಮಾತುಕತೆ ಮೂರು ಸಲ ನಡೆಯಿತು. ಮೂರೂ ಸಲ ಕ್ರಾಂತಿಕುಮಾರ್, ಕೆಲಸ ಬಿಟ್ಟು ಬಂದರೆ ಕರೆದುಕೊಳ್ಳುತ್ತೇನೆ ಎಂದ. ಕೇಸು ವಿಚಾರಣೆಗೆ ಹೋಯಿತು. ರೇಖಾ ಕಟಕಟೆಯಲ್ಲಿ ನಿಂತು, ಕೇಳಿದ್ದಕ್ಕೆಲ್ಲ ಕೇಳಿದಷ್ಟೇ ಉತ್ತರ ಕೊಟ್ಟಳು. ಆಮೇಲೆ ಅತ್ತೆ ಹುಲಿಗೆಮ್ಮನ ಸರದಿ ಬಂತು. ಸೊಸೆ ಜಗಳವಾಡಿ ತಾನೇ ಹೊರಟುಹೋದಳೆಂದು ಅವಳ ಪ್ರಮಾಣಪತ್ರದಲ್ಲಿ ಬರೆಸಿದ್ದರು. ಅವತ್ತು ಕನಕಮ್ಮನೂ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಗುರುಮೂರ್ತಿ ಎದ್ದರು. ಮೊದಲು, ಅಮ್ಮನವರು ಬಹಳ ಹೊತ್ತು ನಿಲ್ಲಲಾರರು, ಕುರ್ಚಿ ಕೊಡಿಸಬೇಕೆಂದು ನ್ಯಾಯಾಧೀಶರನ್ನು ಕೇಳಿಕೊಂಡರು. ಹುಲಿಗೆಮ್ಮ ಕೂತ ಮೇಲೆ, ಕಣ್ಣಿನ ಆಪರೇಷನ್ ಆದಾಗ ನಿಮ್ಮನ್ನು ನೋಡಿಕೊಂಡವರು ಯಾರೆಂದು ವಿಚಾರಿಸಿದರು. ಸೊಸೆ, ಹದಿನೈದು ದಿನ ರಜೆ ಹಾಕಿದ್ದಳು ಎಂದಳು ಅವಳು.

"ಆ ಭಾನುವಾರ ಒಳಗಿಂದ ಚಿಲಕ ಹಾಕಿದ್ದು ಯಾರವ್ವಾ?"

ಹುಲಿಗೆಮ್ಮ ಮಗನ ಕಡೆ ನೋಡಿದಳು, ಆಮೇಲೆ ರೇಖಾಳ ಕಡೆ.

"ನನ್ನ ಮಗನಽ ಹಾಕಿದ್ದ್ರಿ. ನಾನು ತೆಗ್ಯಾಕ ಹೋದೆ, ಬಿಡಲಿಲ್ಲ."

ಅಷ್ಟೇ ಸಾಕೆಂದು ಗುರುಮೂರ್ತಿ ಕೂತುಬಿಟ್ಟರು.

ಹೊರಗೆ ಜಗಲಿಯಲ್ಲಿ ಅವರು ಕನಕಮ್ಮನ ಮುಂದೆ ಬಂದು ನಿಂತರು. ಅವತ್ತು ನಿಮಗೆ ಹಾಗೆ ಕೇಳಬಾರದಿತ್ತು ಎಂದರು. ಕನಕಮ್ಮ ಅವರನ್ನೇ ಒಂದು ಗಳಿಗೆ ದಿಟ್ಟಿಸಿದಳು. ಮಗ ಮಾತಾಡಿಸದೆ ಬಿಟ್ಟುಹೋಗಿದ್ದ ಹುಲಿಗೆಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಕನಕಮ್ಮ ಅವಳ ಹತ್ತಿರ ಹೋಗಿ ನೀರಿನ ಬಾಟಲಿ ಚಾಚಿದಳು.

ನಾಲ್ಕು ತಿಂಗಳಿಗೆ ತೀರ್ಪು ಬಂತು. ಮೂಗರ್ಜಿಯೂ ಚಿಲಕವೂ ಕ್ರೌರ್ಯವೇ ಎಂದು ಒಪ್ಪಿ ನ್ಯಾಯಾಲಯ ವಿಚ್ಛೇದನ ಕೊಟ್ಟಿತು. ಮಗಳು ರೇಖಾಳ ಹತ್ತಿರ. ತಿಂಗಳಿಗೆರಡು ಭಾನುವಾರ ತಂದೆ ಬಂದು ನೋಡಬಹುದು. ಕ್ರಾಂತಿಕುಮಾರ್ ಒಮ್ಮೊಮ್ಮೆ ಬರುತ್ತಾನೆ, ಒಮ್ಮೊಮ್ಮೆ ತಪ್ಪಿಸುತ್ತಾನೆ. ತಪ್ಪದೆ ಬರುವವಳು ಹುಲಿಗೆಮ್ಮ. ಹಡಗಲಿಯಲ್ಲಿ ರೇಖಾಳ ಬಸ್ಸನ್ನೇ ಕಾದು ಹತ್ತುತ್ತಾಳೆ. ಮೊಮ್ಮಗಳಿಗೆಂದು ತಂದ ಶೇಂಗಾ ಉಂಡೆಯ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ರೇಖಾ ಅವಳ ಕೈಗೆ ಟಿಕೆಟ್ ಕೊಟ್ಟು, ರೈಟ್ ಎಂದು ಕೂಗಿ ಸೀಟಿ ಊದುತ್ತಾಳೆ.