ಯಾರನ್ನೂ ಬಿಡದ ಪದ್ಯ

“ಎಲ್ಲರೂ ಅಂದ್ರೆ ಯಾರ್ಯಾರು?”

ಅತ್ತೆ ಕೇಳಿದ್ದು ನನ್ನನ್ನಲ್ಲ, ಕೈಯಲ್ಲಿದ್ದ ಅಂಗಿಯನ್ನೂ ಅಲ್ಲ. ಕಾಜಾ ಹೊಲಿಯುತ್ತ ಕಿಟಕಿಯ ಕಡೆ ನೋಡಿ ಹಾಗೆಂದವಳೇ ದಾರವನ್ನು ಹಲ್ಲಿನಿಂದ ಕಡಿದಳು.

ನಮ್ಮ ಬೀದಿಯ ಪ್ರಾರ್ಥನೆಯ ಕೋಣೆಯಲ್ಲಿ ಸಂಜೆಯ ಪದ್ಯ ಹೇಳುವವಳು ಅತ್ತೆ. ‘ಹೊಳೆಗಿಳಿದವರು ಎಲ್ಲರೂ ದಡ...’ ಎಂದು ಆಕೆ ನಿಲ್ಲಿಸಿದರೆ, ಕೇಳುವವರು ‘ಸೇರಲಿ’ ಎಂದು ಮುಗಿಸಬೇಕು. ಆ ದನಿ ಬರದಿದ್ದರೆ ಪದ್ಯ ಪೂರ್ತಿಯಾಗದು; ಹೇಳಿದವರು ತಾವು ಕೂತ ಮಣೆಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು. ಹೇಳುವವರ ಮನೆಯವರ ದನಿ ಲೆಕ್ಕಕ್ಕಿಲ್ಲ.

ಲಾಂಡ್ರಿಯ ಬಾಯ್ಲರ್ ಸಿಡಿದ ಮೇಲೆ ತಕರಾರು ಶುರುವಾಯಿತು. ಬಾಯ್ಲರ್ ನೋಡಿಕೊಳ್ಳುವವನು ತೂಕಡಿಸಿದ್ದ; ಇಸ್ತ್ರಿ ಅಕ್ಕನ ಬಲಗೈ ಬೆಂದುಹೋಯಿತು. ಅಂದಿನಿಂದ ಅವನು ಒಳಗೆ ಬರದೆ, ಬಾಗಿಲಾಚೆ ಚಪ್ಪಲಿಗಳ ಪಕ್ಕ ಕೂತು ಪದ್ಯ ಕೇಳುತ್ತಿದ್ದ. ನಿನ್ನೆ ಕೋಣೆಯ ಯಜಮಾನರು ಅತ್ತೆಯನ್ನು ತಡೆದು, “‘ಎಲ್ಲರೂ’ ಬೇಡ ತಾಯಿ, ‘ಒಳ್ಳೆಯವರು’ ಅನ್ನಿ. ಅವನೂ ನಾವೂ ಒಂದೇ ದಡಕ್ಕಾ? ನೀವೊಬ್ಬರು ದೊಡ್ಡ ವಿಶ್ವವಾದಿ!” ಎಂದು ಚುಚ್ಚಿದ್ದರು.

“ಅದೇನೇ ಅದು, ಬೈಗುಳಾನಾ?” ಅತ್ತೆ ಈಗ ನನ್ನನ್ನೇ ಕೇಳಿದಳು.

“ದೇವರ ಕೃಪೆ ಎಲ್ಲರಿಗೂ ಇದೆ, ಕೊನೆಗೆ ಒಬ್ಬರೂ ಹೊರಗೆ ಉಳಿಯಲ್ಲ ಅಂತ ನಂಬೋರಿಗೆ ಹಾಗಂತಾರೆ ಅತ್ತೆ.”

“ಅಷ್ಟೇನಾ! ನಾನೇನೋ ರೋಗ ಅಂದ್ಕೊಂಡಿದ್ದೆ.” ಅಂಗಿ ಕೊಡವಿ ಎದ್ದಳು. “ಚಪ್ಪಲಿ ಹಾಕ್ಕೋ, ಹೊತ್ತಾಯ್ತು.”

ಕೋಣೆ ಕಿಕ್ಕಿರಿದಿತ್ತು. ಯಾರೂ ಬಾಯಿ ಬಿಡಕೂಡದೆಂದು ಯಜಮಾನರು ಮೊದಲೇ ತಾಕೀತು ಮಾಡಿದ್ದರು. ಅತ್ತೆಯ ದನಿ ಏರಿತು, ಇಳಿಯಿತು, ಕಡೆಯ ಸಾಲಿಗೆ ಬಂತು.

“ಹೊಳೆಗಿಳಿದವರು ಎಲ್ಲರೂ ದಡ...”

ಯಾರೂ ತುಟಿಪಿಟಕ್ಕೆನ್ನಲಿಲ್ಲ. ಯಜಮಾನರು, ಏಳಿ ಎನ್ನುವಂತೆ ಮಣೆಯ ಕಡೆ ಕೈಚಾಚಿದರು.

ಆಗ ಗೋಡೆಗೊರಗಿದ್ದ ಇಸ್ತ್ರಿ ಅಕ್ಕ ಎದ್ದಳು. ಬಟ್ಟೆ ಸುತ್ತಿದ ಕೈಯನ್ನು ಎದೆಗವಚಿಕೊಂಡು ಬಾಗಿಲಾಚೆ ನೋಡಿದಳು.

“ಸುಟ್ಟಿದ್ದು ನನ್ನ ಕೈ. ನಿಮ್ಮ ಬಾಯಿಗೇನಾಗಿದೆ?” ಎಂದವಳೇ ಬೀದಿಗೆಲ್ಲ ಕೇಳುವಂತೆ ಕೂಗಿದಳು: “ಸೇರಲಿ!”

ಕಟ್ಟೆಯೊಡೆದಂತೆ ಕೋಣೆಗೆ ಕೋಣೆಯೇ ಮೊಳಗಿತು: “ಸೇರಲಿ!” ಕಿಟಕಿಯ ಗಾಜು ನಡುಗಿತು. ಇಬ್ಬರು ಹೊರಗೋಡಿ ಬಾಯ್ಲರಿನವನ ರಟ್ಟೆ ಹಿಡಿದು ಕರೆತಂದರು. ಅವನು ಬಿಕ್ಕುತ್ತಲೇ ಇಸ್ತ್ರಿ ಅಕ್ಕನ ಕಾಲಬುಡದಲ್ಲಿ ಕುಸಿದ. “ಕಾಲ ಹತ್ರ ಯಾಕೋ, ಪಕ್ಕದಲ್ಲಿ ಜಾಗ ಇಲ್ವಾ?” ಎಂದು ಅವಳು ಗದರಿದಳು. ಅತ್ತೆ ಮಣೆಯಿಂದ ಅಲುಗಿರಲಿಲ್ಲ.

“ಇನ್ಮೇಲೆ ನಾವೂ ವಿಶ್ವವಾದಿಗಳೇ ಅಮ್ಮಾ!” ಹಾಲಿನಂಗಡಿಯವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. “ಇನ್ನೊಂದ್ಸಲ ಹೇಳಿ. ಆದ್ರೆ ಈ ಯಜಮಾನರನ್ನ ಒಬ್ಬರನ್ನ ಮಾತ್ರ ಹೊಳೇಲೇ ಬಿಟ್ಬಿಡಿ!”

ಕೋಣೆ ಗೊಳ್ಳೆಂದಿತು. ಮೂಲೆಯಲ್ಲಿ ಯಜಮಾನರು ತಲೆ ಎತ್ತಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ.

“ಆಗಲ್ಲ. ಅವರನ್ನೂ ಬಿಡಲ್ಲ.”